ಇಮಾಮ್ ಬೀಗೆ ಹೇಳೂದಿತ್ತು

ಮಾನ್ವಿ
19 ಜನವರಿ 2025

ಬೇಟಾ ಅರ್ಬಾಜ್‌ಗೆ ಅಬ್ಬಾನ ದುವಾ.

ನಿನ್ನಿ ನೀ ಫೋನ್ ಮಾಡಿದಾಗ ನಿಮ್ಮ ಅಮ್ಮಿ ನಳದ ನೀರು ಹಿಡಿಯಾಕ ಹೊರಗ ಹೋಗಿದ್ಲು. ಫೋನ್ ನಾನ ಎತ್ತಿದೆ. ನೀ "ಹಲೋ, ಅಮ್ಮಿ, ಹಲೋ" ಅಂದಿ. ಆಮ್ಯಾಲ "ಲೈನ್ ಸರಿ ಇಲ್ಲ, ಬರೇ ಗಾಳಿ ಸಪ್ಪಳ" ಅಂತ ಇಟ್ಟುಬಿಟ್ಟಿ. ಲೈನ್ ಸರಿ ಇತ್ತು ಬೇಟಾ. ಈ ಕಡಿ ನಾ ಇದ್ದೆ. ಆಪರೇಶನ್ ಆದ ಮ್ಯಾಲ ಈ ಕೊಳ್ಳಾಗಿನ ತೂತಿಲೆ ಉಸಿರಾಡ್ತೀನಲ್ಲ, ನೀ ಕೇಳಿದ್ದು ಅದನ್ನ.

ಅದಕ ಇನ್ನ ಮ್ಯಾಲ ಬರದು ಕಳಸ್ತೀನಿ. ಮೊಬೈಲಿನಾಗ ಒತ್ತಾಕ ನನ್ನ ಬೆರಳಿಗೆ ಆಗವಲ್ದು, ಅಕ್ಷರಾನೂ ಕಾಣವಲ್ದು. ನಿನಗ ಉರ್ದು ಓದಾಕ ಬರಂಗಿಲ್ಲ, ಅದಕ ಕನ್ನಡ. ಪರಮಣ್ಣ ಡ್ರೈವರ್ ದಿನಾ ರಾಯಚೂರಿಗೆ ಗಾಡಿ ತರ್ತಾನ, ಅವನ ಕೈಯಾಗ ಕೊಡ್ತೀನಿ. ನೀನೂ ಅವನ ಕೈಯಾಗ ಕೊಡು. ನಾ ಇಲ್ಲಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಇದ್ದಾಗ ಅವನ ಗಾಡಿ ಬಂತು, ಹೊಂಟಿತು ಅಂತ ಮೈಕಿನಾಗ ಎಷ್ಟು ಕೂಗೀನೋ. ಒಂದು ಲಕೋಟಿ ಒಯ್ಯಾಕ ಅಂವ ಒಲ್ಲೆ ಅನ್ನಂಗಿಲ್ಲ.

ಸಂತ್ಯಾಗ ಮಂದಿ ನನ್ನ ಕೂಡ ಜೋರಾಗಿ ಒದರಿ ಮಾತಾಡ್ತಾರ. ಹೋಗಿದ್ದು ಬಾಯಿ, ಕಿವಿ ಅಲ್ಲ ಅಂತ ಹೆಂಗ ಹೇಳ್ಲಿ? ದವಾಖಾನ್ಯಾಗ ಕೊಳ್ಳಿಗೆ ಹಚ್ಚಿ ಮಾತಾಡೂ ಒಂದು ಬ್ಯಾಟರಿ ಮಷೀನು ಕೊಟ್ಟಾರ. ಮೊದಲ ಸಲ ಹಚ್ಚಿ "ಇಮಾಮ್ ಬೀ" ಅಂದೆ. ಜೀರಂಗಿ ಹಂಗ ಗುಂಯ್ ಅಂತು. ನಿಮ್ಮ ಅಮ್ಮಿ ಹೆದರಿ ಕೈಯಾಗಿನ ಚಾದ ಬಸಿ ಕೆಳಗ ಬಿಟ್ಲು. ಅದನ್ನ ಟ್ರಂಕಿನಾಗ ಇಟ್ಟುಬಿಟ್ಟೀನಿ.

ಆಪರೇಶನ್ನಿಗೆ ಮುಂಚೆ ನೀ ನನ್ನ ನಿನ್ನ ಅಂಗಡ್ಯಾಗ ಕೂಡಿಸಿ ಹಾಳಿಗಟ್ಲೆ ಓದಿಸಿದಿ, ಎಲ್ಲಾ ರೆಕಾರ್ಡ್ ಮಾಡಿಕೊಂಡಿ. ಆಗ ನನಗ ಅದು ಹುಡುಗಾಟ ಅನಿಸಿತ್ತು. ಕಂಪ್ಯೂಟರ್ ನನ್ನ ಧ್ವನಿ ಕಲೀತದ, ಮುಂದ ನಾ ಬರದದ್ದನ್ನ ನನ್ನ ಧ್ವನಿಲೆ ಓದ್ತದ ಅಂದಿದ್ದಿ. ಅದು ಎಲ್ಲೀತನ ಬಂತು?

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಬ್ಬಾ,
ಗುಲಾಮ್ ದಸ್ತಗೀರ್


ರಾಯಚೂರು
27 ಜನವರಿ 2025

ಅಬ್ಬಾ, ಅಸ್ಸಲಾಮು ಅಲೈಕುಂ.

ಆ ಫೋನಿಂದು ಓದಿದ ಮ್ಯಾಲ ಅಂಗಡಿ ಶಟರ್ ಅರ್ಧ ಎಳದುಬಿಟ್ಟೆ. ಮಾಫ್ ಮಾಡ್ರಿ. ಇನ್ನ ಮ್ಯಾಲ ಫೋನಿನಾಗ ಗಾಳಿ ಸಪ್ಪಳ ಬಂದ್ರ ನಾ ಇಡಂಗಿಲ್ಲ. ನಾನ ಮಾತಾಡ್ತೀನಿ, ನೀವು ಕೇಳ್ರಿ.

ನೀವು ಓದಿದ್ದೆಲ್ಲಾ ಕಂಪ್ಯೂಟರಿನಾಗ ಭದ್ರ ಅದ. ಅದನ್ನ ಸಣ್ಣ ಸಣ್ಣ ತುಣುಕು ಮಾಡಿ, ಯಾವ ತುಣುಕಿನಾಗ ಏನು ಮಾತು ಅದ ಅಂತ ಬರದು, ಯಂತ್ರಕ್ಕ ಮತ್ತ ಮತ್ತ ಕೇಳಸಾಕತ್ತೀನಿ. ಕೇಳಿ ಕೇಳಿ ಅದು ಕಲೀತದ. ಈಗ ಎಳೀ ಕೂಸು ಇದ್ದಂಗ ಅದ, ಬರೇ ತೊದಲ್ತದ.

ಕಷ್ಟ ಏನಂದ್ರ ನನ್ನ ಯಂತ್ರ ಹಳೇದು. ಮದುವಿ ವಿಡಿಯೋ ಎಡಿಟಿಂಗಿಗೆ ಸಾಕು, ಇಂಥ ಕೆಲಸಕ್ಕ ಸಾಲಂಗಿಲ್ಲ. ಅದಕ ಅದರ ಮೆಮೊರಿ ಓಟ ಹೆಚ್ಚು ಮಾಡೀನಿ. ಇದಕ್ಕ ಓವರ್‌ಕ್ಲಾಕ್ ಅಂತಾರ. ಮೆಮೊರಿ ಅಂದ್ರ ಕೆಲಸ ನಡಿಯೂ ಹೊತ್ತಿನಾಗ ಎಲ್ಲಾ ಎತ್ತಿ ಇಟ್ಟುಕೊಳ್ಳೂ ಜಾಗ, ಕಿರಾಣಿ ಅಂಗಡ್ಯಾಂವ ಬೇಕಾದ ಸಾಮಾನು ಕೈಗೆ ಸಿಗೂ ಹಂಗ ಮುಂದ ಇಟ್ಟುಕೊಂಡಂಗ. ಕಂಪನಿಯವರು ಅದಕ್ಕೊಂದು ಸ್ಪೀಡ್ ಇಟ್ಟಿರ್ತಾರ. ನಾವು ಸೆಟ್ಟಿಂಗಿಗೆ ಹೋಗಿ ಅದನ್ನ ಏರಿಸಬಹುದು. ಸ್ವಲ್ಪ ಹೆಚ್ಚಿಗಿ ಕರೆಂಟ್ ಕೊಡಬೇಕು, ಟೈಮಿಂಗ್ ಬಿಗಿ ಮಾಡಬೇಕು. ಅತಿ ಆತಂದ್ರ ಯಂತ್ರ ಬಂದ್ ಬೀಳ್ತದ. ಬಂದ್ ಬಿದ್ರ ಚಿಂತಿ ಇಲ್ಲ, ಗೊತ್ತಾಗ್ತದ. ಬಂದ್ ಬೀಳದ ತಪ್ಪು ಮಾಡಾಕ ಹತ್ತಿದ್ರ ಕಷ್ಟ. ಇಟ್ಟಿದ್ದು ಒಂದು, ತಿರುಗಿ ಕೊಡೂದು ಇನ್ನೊಂದು, ಕೊಡೂ ಮುಂದ ಮಾತ್ರ ಎಲ್ಲಾ ಸರಿ ಅದ ಅಂತನ ಹೇಳ್ತದ.

ನೀವು ಹೆದರಬ್ಯಾಡ್ರಿ. ಇದಕ್ಕೊಂದು ಪರೀಕ್ಷಾ ಅದ. ಮೆಮೊರ್‍ಯಾಗ ಅಂಕಿ ತುಂಬಿ ತುಂಬಿ ತಿರುಗಿ ಕೇಳ್ತದ. ದಿನಪೂರ್ತಿ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಸ್ಟೇಶನ್ ರೋಡಿನಾಗ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಾನಲ್ಲ ನನ್ನ ದೋಸ್ತ್ ಉದಯಕುಮಾರ, ಅವನೂ ಬಂದು ನೋಡಿ "ಸ್ಟೇಬಲ್ ಅದಲೇ" ಅಂದ.

ಮುಂದಿನ ತಿಂಗಳು ದವಾಖಾನಿಗೆ ಬಂದಾಗ ಅಮ್ಮೀನ್ನೂ ಕರಕೊಂಡು ಅಂಗಡಿಗೆ ಬರ್ರಿ.

ನಿಮ್ಮ
ಅರ್ಬಾಜ್


ಮಾನ್ವಿ
20 ಫೆಬ್ರವರಿ 2025

ಬೇಟಾ ಅರ್ಬಾಜ್,

ನಿನ್ನ ಅಂಗಡಿಯಿಂದ ಬಂದು ವಾರ ಆಗಾಕ ಬಂತು, ಕೈಯಾಗ ಪೆನ್ನು ಹಿಡದಿದ್ದು ಇವತ್ತು.

ಆ ಡಬ್ಬಿ ಬಾಯಿಲೆ "ಪ್ರಯಾಣಿಕರ ಗಮನಕ್ಕೆ, ಸಿರವಾರ ಮಾರ್ಗವಾಗಿ ದೇವದುರ್ಗಕ್ಕೆ ಹೋಗುವ ಬಸ್ಸು" ಅಂತ ಬಂದಾಗ ನನಗ ನನ್ನ ಧ್ವನಿ ಮೊದಲು ಗುರುತ ಹತ್ತಲಿಲ್ಲ. ಕೊಡದಾಗ ಬಾಯಿ ಇಟ್ಟು ಮಾತಾಡಿದಂಗಿತ್ತು. ಗುರುತು ಹಿಡದಾಕಿ ನಿಮ್ಮ ಅಮ್ಮಿ. ಸೆರಗು ಬಾಯಿಗೆ ಒತ್ತಿಕೊಂಡು ಒಮ್ಮೆ ಡಬ್ಬಿ ನೋಡಿದ್ಲು, ಒಮ್ಮೆ ನನ್ನ ನೋಡಿದ್ಲು. ಮುಂದಿನ ಮಾತು ಕೆಟ್ಟು ಗೊಣಗೊಣ ಆದ್ರೂ ಆಕಿ ಕೈ ತಗೀಲಿಲ್ಲ. ಹೊಳ್ಳಿ ಬರೂ ಮುಂದ ಬಸ್ಸಿನಾಗ ಪರಮಣ್ಣಗ ಹೇಳೇ ಹೇಳಿದ್ಲು, "ನಮ್ಮವರ ಮಾತು ತಿರುಗಿ ಬರ್ತದ ಪರಮಣ್ಣ, ನಮ್ಮ ಹುಡುಗ ಮಾಡಾಕತ್ತಾನ" ಅಂತ.

ನನಗ ಇದು ಯಾಕ ಬೇಕು ಅಂತ ನೀ ಕೇಳಿಲ್ಲ. ಮತ್ತ ಮೈಕ್ ಮ್ಯಾಲ ಬಸ್ ಕೂಗಾಕ ಅಂತ ತಿಳದೀಯೇನೋ. ಅಲ್ಲ. ನಾ ಬರೀತೀನಿ, ನೀ ಓದ್ತಿ, ನಿನ್ನ ಅಕ್ಕ ಗುಲ್ಫಶಾ ಓದ್ತಾಳ. ನಿಮ್ಮ ಅಮ್ಮಿಗೆ ಓದಾಕ ಬರಂಗಿಲ್ಲ. ಚಾ ಬೇಕು, ಬಿಸಿನೀರು ಬೇಕು, ಗುಳಗಿ ಎಲ್ಲದ, ಇಷ್ಟು ಕೈಸನ್ನಿಲೆ ಆಗ್ತದ. ಅದರ ಮ್ಯಾಲಿಂದು ಏನಿದ್ರೂ ಬಾಜೂ ಮನಿ ರಂಜಾನಬಿ ಮಗಳನ್ನ ಕರದು ಓದಿಸಬೇಕು. ಕನ್ನಡ ಶಾಲಿಗೆ ಹೋಗೂ ಹುಡುಗಿ, ನಾ ಬರದದ್ದನ್ನ ಪಾಠ ಓದಿದಂಗ ಓದ್ತದ. ಗಂಡ ಹೆಂಡ್ತಿ ಕೂತು ಮತ್ತೊಬ್ಬರ ಮಗಳ ಬಾಯಿಲೆ ಎಷ್ಟು ಮಾತಾಡೂದು?

ಗುಲ್ಫಶಾ ಹೋದ ಸಲ ದೇವದುರ್ಗದಿಂದ ಬಂದಾಗ ಮೊಬೈಲಿನಾಗ ಓದೂದು ಒಂದು ಹಾಕಿಕೊಟ್ಟಿದ್ಲು. ನಾ ಹಾಳಿ ಮ್ಯಾಲ ಬರದದ್ದನ್ನ ಫೋಟೋ ತಗದ್ರ ಯಾವುದೋ ಹೆಂಗಸಿನ ಧ್ವನಿ ಓದ್ತದ. ನಿಮ್ಮ ಅಮ್ಮಿ ಎದ್ದು ನಿಂತು, "ನಕ್ಕೋ, ಬ್ಯಾಡ. ಇಕಿ ಯಾರು? ನನ್ನ ಗಂಡನ ಮಾತು ಇಕಿ ಯಾಕ ಹೇಳ್ತಾಳ?" ಅಂದ್ಲು. ನನಗ ನಗು ಬಂತು. ನಕ್ಕರೂ ಈಗ ಸಪ್ಪಳ ಬರಂಗಿಲ್ಲ, ಭುಜ ಅಷ್ಟ ಅಲ್ಲಾಡ್ತಾವ. ನಾ ಅಳಾಕತ್ತೀನಿ ಅಂತ ತಿಳದು ಆಕಿ ಬಂದು ಬೆನ್ನು ಸವರಿದ್ಲು.

ನಿನ್ನ ಅಂಗಡ್ಯಾಗ ನಾ ಓದಿದ್ದು ಕನ್ನಡ. ನಿಮ್ಮ ಅಮ್ಮಿ ಕೂಡ ನನ್ನ ಮಾತು ದಖನಿ. ಕನ್ನಡ ಅಕ್ಷರದಾಗ ದಖನಿ ಬರದ್ರ ಅದು ಓದ್ತದಂತ ನೀ ಹೇಳಿದಿ. ಅಷ್ಟಾದ್ರ ಸಾಕು.

ಅವಸರ ಮಾಡಬ್ಯಾಡ. ಟೈಮಿಂಗ್ ಬಿಗಿ ಮಾಡಿ ಓಡಿಸೂ ಡ್ರೈವರ್‌ಗಳನ್ನ ನಾ ಬೇಕಾದಷ್ಟು ನೋಡೀನಿ. ಸಾವಕಾಶ ಆಗ್ಲಿ.

ನಿನ್ನ ಅಬ್ಬಾ


ಮಾನ್ವಿ
9 ಎಪ್ರಿಲ್ 2025

ಬೇಟಾ,

ಈದ್‌ಗೆ ನೀ ಬಂದು ಹೋಗಿದ್ದು ಚಲೋ ಆತು. ಮನಿ ತುಂಬಿದಂಗಾಗಿತ್ತು.

ಮೊನ್ನೆ ದವಾಖಾನಿಗೆ ಬಂದಿದ್ವಿ. ನಿನಗ ಮದುವಿ ಸೀಸನ್ ಕೆಲಸ ಅಂತ ತಿಳಿಸಲಿಲ್ಲ, ಗುಲ್ಫಶಾ ಬಂದಿದ್ಲು. ಎಲ್ಲಾ ಸರಿ ಅದ ಅಂದ್ರು.

ಅವಸರ ಮಾಡಬ್ಯಾಡ ಅಂತ ಬರದಿದ್ದೆ. ಈಗ ಹೇಳ್ತೀನಿ, ಜಲ್ದಿ ಮಾಡು. ಚಂದ ಆಗಬೇಕಂತೇನಿಲ್ಲ, ಕೊಡದಾಗ ಮಾತಾಡಿದಂಗ ಬಂದ್ರೂ ನಡೀತದ. ಮುದುಕನ ಹಟ ಅಂತ ತಿಳಿ.

ನಿನ್ನ ಅಬ್ಬಾ


ರಾಯಚೂರು
15 ಎಪ್ರಿಲ್ 2025

ಅಬ್ಬಾ, ಅಸ್ಸಲಾಮು ಅಲೈಕುಂ.

ನೀವು ಜಲ್ದಿ ಅಂದ್ರಿ, ನನಗ ಖುಷಿ ಆತು. ಇಷ್ಟು ದಿನ ನಿಮಗ ಇದರ ಮ್ಯಾಲ ಆಶಾ ಇಲ್ಲೇನೋ ಅಂದುಕೊಂಡಿದ್ದೆ.

ಮೆಮೊರಿ ಓಟ ಇನ್ನೂ ಏರಿಸೀನಿ. ಕಂಪನಿಯವರು ಇಟ್ಟಿದ್ದಕ್ಕಿಂತ ಈಗ ಭಾಳ ಮ್ಯಾಲ ಅದ. ಪರೀಕ್ಷಾ ಹಚ್ಚಿದೆ, ಒಂದು ತಾಸಿನಾಗ ಏನೂ ತಪ್ಪು ಬರಲಿಲ್ಲ. ದಿನಪೂರ್ತಿ ಓಡಿಸಿದ್ರ ಆ ದಿನ ಕಲಿಸೂದು ನಿಂದ್ರತದ, ಅದಕ ಅಷ್ಟಕ್ಕ ಬಿಟ್ಟೆ. ಉದಯಕುಮಾರ ಬೈದ. "ಜನವರ್‍ಯಾಗ ಪಾಸಾದದ್ದು ಎಪ್ರಿಲ್‌ದಾಗ ಪಾಸಾಗಂಗಿಲ್ಲಲೇ, ಇದು ರಾಯಚೂರು. ಮೆಮೊರಿ ಕಾದ್ರ ಮರೀತದ, ಇಳಸು" ಅಂದ. ಅಂವ ಯಾವಾಗ್ಲೂ ಹಂಗ. ಕಂಪ್ಯೂಟರ್ ಡಬ್ಬಿ ಮುಚ್ಚಳ ತಗದು ಟೇಬಲ್ ಫ್ಯಾನ್ ಅದರ ಕಡಿ ತಿರುಗಿಸೀನಿ. ನನಗ ಬೆವರು ಇಳೀತದ, ಅದಕ್ಕ ಗಾಳಿ.

ಬಿಸಲು ಭಾಳ ಅದ ಅಬ್ಬಾ. ಅಂಗಡಿ ಪಡುವಣಕ್ಕ ಬಾಯಿ ಮಾಡಿ ಕುಂತದ, ಮಧ್ಯಾಹ್ನದ ಮ್ಯಾಲ ಶಟರ್ ಮುಟ್ಟಾಕ ಬರಂಗಿಲ್ಲ. ಮದುವಿ ವಿಡಿಯೋ ತುಂಬಿ ತುಂಬಿ ಡಿಸ್ಕಿನಾಗ ಜಾಗ ಇಲ್ಲ. ಅದಕ ನಿಮ್ಮ ರೆಕಾರ್ಡಿಂಗ್ ಎಲ್ಲಾ ಕೂಡಿಸಿ ಒಂದ ಗಂಟು ಕಟ್ಟಿದಂಗ ಒತ್ತಿ ಸಣ್ಣದು ಮಾಡಿ ಇಟ್ಟೀನಿ. ಅದರದೊಂದು ನಕಲು ಹೊರಗಿನ ಡಿಸ್ಕಿನ್ಯಾಗೂ ಹಾಕೀನಿ. ಬಿಡಿ ಬಿಡಿ ಇದ್ದವನ್ನ ಅಳಿಸಿದೆ. ಈಗ ಜಾಗ ಆಗ್ಯದ, ಕೆಲಸ ಭರಭರ ನಡದದ.

ಬಕ್ರೀದ್‌ಕಿಂತ ಮುಂಚೆ ನೀವು ಅಮ್ಮಿ ಕೂಡ ಮಾತಾಡ್ತೀರಿ.

ನಿಮ್ಮ
ಅರ್ಬಾಜ್


ರಾಯಚೂರು
4 ಮೇ 2025

ಗುಲ್ಫಶಾ ಆಪಾ,

ಇದನ್ನ ಫೋನಿನಾಗ ಹೇಳಾಕ ಆಗಲಿಲ್ಲ. ಮೂರು ಸಲ ಹಚ್ಚಿದೆ. ಮೂರೂ ಸಲ ನೀ "ಏನೋ?" ಅಂದಿ, ನಾ "ಸುಮ್ಮನ" ಅಂದೆ.

ಹೋದ ತಿಂಗಳ ಕಡೀಕ ಅಬ್ಬಾನ ಧ್ವನಿ ಕೆಡಾಕ ಹತ್ತಿತು. ದಿನಾ ಸುಧಾರಸಬೇಕಾಗಿದ್ದು ದಿನಾ ಕೆಡಾಕತ್ತಿತು. ಒಂದು ದಿನ ಹಚ್ಚಿದ್ರ ಬರೇ ಕಬ್ಬಿಣದ ಡಬ್ಬಿಯಾಗ ಹಳ್ಳು ಹಾಕಿ ಅಲ್ಲಾಡಿಸಿದಂಗ ಬಂತು. ಯಂತ್ರ ಕಲತಿದ್ದರದು ಹಳೇ ಪ್ರತಿ ನಾ ಇಟ್ಟಿದ್ದಿಲ್ಲ, ಜಾಗ ಇಲ್ಲಂತ ಆಗಿಂದಾಗ ಅಳಿಸಿಬಿಡ್ತಿದ್ದೆ. ಹೋಗ್ಲಿ, ಮೊದಲಿಂದ ಕಲಿಸೂಣು ಅಂತ ಅಬ್ಬಾ ಓದಿದ್ದ ರೆಕಾರ್ಡಿಂಗ್ ಗಂಟು ಬಿಚ್ಚಾಕ ಹೋದೆ. ಬಿಚ್ಚಲಿಲ್ಲ. ಒಳಗ ತಪ್ಪು ಅದ ಅಂತು. ಹೊರಗಿನ ಡಿಸ್ಕಿನ್ಯಾಗಿಂದು ಹಚ್ಚಿದೆ. ಅದೂ ಅದನ್ನ ಅಂತು. ಕೆಟ್ಟಿದ್ದನ್ನ ನಕಲು ಮಾಡಿದ್ರ ನಕಲೂ ಕೆಟ್ಟದ್ದ ಅಲ್ಲೇನು?

ಉದಯಕುಮಾರ ಓಡಿ ಬಂದ. ಮೆಮೊರಿ ಪರೀಕ್ಷಾ ಹಚ್ಚಿದ. ಪರದಿ ತುಂಬ ತಪ್ಪಿನ ಕೆಂಪು ಸಾಲು ಇಳೀತು, ಒಂದರ ಹಿಂದ ಒಂದು. ಬಿಸಲಿಗೆ ಕಾದು ಕಾದು ಅದು ಯಾವಾಗಿನಿಂದ ತಪ್ಪು ಮಾಡಾಕತ್ತಿತ್ತೋ, ಗಂಟು ಕಟ್ಟೂ ಮುಂದನೂ ತಪ್ಪು ಮಾಡ್ಯದ. ನನಗ ಒಂದು ಮಾತೂ ಹೇಳಲಿಲ್ಲ. ಎಲ್ಲಾ ಸರಿ ಅದ ಅಂತನ ಹೇಳಿತು. ಉದಯ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು. ಅಳಿಸಿದ ಫೈಲು ಹುಡುಕಾಕ ತನಗ ಗೊತ್ತಿದ್ದದ್ದೆಲ್ಲಾ ಮಾಡಿದ. ಅವುಗಳ ಜಾಗದಾಗ ಯಾರ್‍ಯಾರವೋ ಮದುವಿ ವಿಡಿಯೋ ಕುಂತಾವ. ರೆಕಾರ್ಡ್ ಮಾಡಿದ ಕಾರ್ಡಿನ ಮ್ಯಾಲೂ ಮದುವಿ.

ಗಂಟಿನ ಮೊದಲ ಚೂರು ಒಂದು ಬಿಚ್ಚೇದ. ಅದರಾಗ ನನ್ನ ಧ್ವನಿ ಅದ, "ಅಬ್ಬಾ, ಶುರು ಮಾಡ್ರಿ" ಅಂತ. ಆಮ್ಯಾಲ ಕುರ್ಚಿ ಎಳದ ಸಪ್ಪಳ. ಅಬ್ಬಾ ಕೆಮ್ಮಿ ಗಂಟಲು ಸರಿ ಮಾಡಿಕೊಳ್ತಾರ. ಅಲ್ಲಿಗೆ ಮುಗೀತು.

ಮೆಮೊರಿ ಕಂಪನಿ ಸ್ಪೀಡಿಗೆ ಇಳಿಸೀನಿ. ದಿನಪೂರ್ತಿ ಪರೀಕ್ಷಾ ಓಡಿತು, ಈಗ ಒಂದೂ ತಪ್ಪಿಲ್ಲ.

ಆಪಾ, ನಿನ್ನ ಕಡಿ ಅಬ್ಬಾ ಮಾತಾಡಿದ್ದು ಏನರೆ ಅದ ಏನು? ನಿನ್ನ ಮದುವಿ ವಿಡಿಯೋ, ನಿಮ್ಮ ಮನ್ಯಾಗ ಖಲೀಲ್ ಭಾಯಿ ಫೋನು, ಯಾವುದರಾಗರೆ. ಅಬ್ಬಾಗ ನಾ ಇನ್ನೂ ತಿಳಿಸಿಲ್ಲ.

ನಿನ್ನ ತಮ್ಮ
ಅರ್ಬಾಜ್


ದೇವದುರ್ಗ
9 ಮೇ 2025

ಅರ್ಬಾಜ್,

ಎಲ್ಲಾ ಹುಡುಕಿದ್ವಿ. ನನ್ನ ಮದುವಿ ವಿಡಿಯೋದಾಗ ಅಬ್ಬಾ ಬಾಯಿ ಅಲ್ಲಾಡಸ್ತಾರ, ಮ್ಯಾಲ ಹಾಡು ಹಚ್ಚ್ಯಾರ. ಆವತ್ತು ಯಾರನ್ನೋ ಊಟಕ್ಕ ಕರಿಯಾಕತ್ತಾರ, ಕೈ ನೋಡಿದ್ರ ತಿಳೀತದ. ಇವರ ಫೋನಿನಾಗ ಏನೂ ಇಲ್ಲ, ಹಳೇ ಫೋನು ಬಳಿ ಮಾರೂ ನಮ್ಮ ಅಂಗಡ್ಯಾಗ ಬಿದ್ದು ಒಡದು ಹೋಗ್ಯದ. ಇವರು ಮಾನ್ವಿ ಬಸ್ ಸ್ಟ್ಯಾಂಡಿಗೂ ಹೋಗಿ ಕೇಳಿ ಬಂದ್ರು. ಅಲ್ಲಿ ಮೈಕಿನಾಗ ಹೇಳಿದ್ದನ್ನ ಯಾರು ಹಿಡದಿಡ್ತಾರ? ಊರಿಗೆಲ್ಲಾ ಗೊತ್ತಿದ್ದ ಧ್ವನಿ, ಒಬ್ಬರ ಹತ್ರನೂ ಇಲ್ಲ.

ಈಗ ನಾ ಹೇಳೂದು ಕೇಳು. ಎಪ್ರಿಲ್‌ದಾಗ ದವಾಖಾನಿಗೆ ಹೋದಾಗ ಎಲ್ಲಾ ಸರಿ ಅದ ಅಂದಿದ್ದಿಲ್ಲ. ಬ್ಯಾನಿ ತಿರುಗಿ ಬಂದದ. ಕೊಳ್ಳಿನ ಕೆಳಗ, ಎದಿ ಕಡಿ. ಈ ಸಲ ಕೊಯ್ಯಾಕ ಬರಂಗಿಲ್ಲಂತ, ನೋವಿಗೆ ಔಷಧ ಅಷ್ಟ. ಡಾಕ್ಟರ್ ನನಗ ಹೇಳಾಕತ್ತಾಗ ಅಬ್ಬಾ ಬಾಗಲಾಗ ನಿಂತಿದ್ರು, ಅವರಿಗೂ ಕೇಳಿಸ್ತು. ಚೀಟಿ ಮ್ಯಾಲ ಬರದು ತೋರಿಸಿದ್ರು, "ಅರ್ಬಾಜ್‌ಗೆ ಹೇಳಬ್ಯಾಡ. ಅಂವ ಅಳ್ತಾ ಕುಂತ್ರ ಕೆಲಸ ನಿಂದ್ರತದ" ಅಂತ. ಅಮ್ಮಿಗೂ ಗೊತ್ತಿಲ್ಲ. ಹೊರಗ ಬೆಂಚಿನ ಮ್ಯಾಲ ಕುಂತು ಬಾಳಿಹಣ್ಣು ಸುಲಿಯಾಕತ್ತಿದ್ಲು.

ಅವರು ನಿನಗ ಜಲ್ದಿ ಮಾಡು ಅಂತ ಬರದದ್ದು ಅದಕ್ಕ.

ನನಗ ನಿನ್ನ ಮ್ಯಾಲ ಸಿಟ್ಟು ಬಂದದ, ಮುಚ್ಚಿ ಇಡಂಗಿಲ್ಲ. ಆ ಯಂತ್ರ ತನ್ನ ನಡಿಗಿಲೆ ನಡದಿದ್ರ ಏನು ಹೋಗ್ತಿತ್ತು? ನಿನಗ ಮೊದಲಿಂದ ಹಂಗ, ಇದ್ದದ್ದು ಇದ್ದಂಗ ಇರಬಾರ್ದು. ಆಮ್ಯಾಲ ಅನಿಸ್ತದ, ನಾ ಆವತ್ತ ನಿನಗ ಫೋನ್ ಮಾಡಿ ಹೇಳಿದ್ರ ನೀ ಹಿಂಗ ಮಾಡ್ತಿದ್ದಿಲ್ಲೇನೋ. ಇನ್ನೂ ಹೆಚ್ಚು ಓಡಿಸ್ತಿದ್ದಿ ಅಂತನೂ ಅನಿಸ್ತದ. ತಿಳೀವಲ್ದು.

ಅಬ್ಬಾಗ ನೀನ ಬರಿ. ನನ್ನ ಬಾಯಿಲೆ ಬ್ಯಾಡ. ಅವರು ದಿನಾ ಸಂಜಿಗೆ ಪರಮಣ್ಣನ ಬಸ್ಸಿನ ದಾರಿ ಕಾಯ್ತಾರ.

ಗುಲ್ಫಶಾ


ಮಾನ್ವಿ
22 ಮೇ 2025

ಬೇಟಾ ಅರ್ಬಾಜ್,

ನಿನ್ನ ಪತ್ರ ಪರಮಣ್ಣ ಮನಿತನ ತಂದುಕೊಟ್ಟ. ಈಗ ನನಗ ಸ್ಟ್ಯಾಂಡಿನತನ ನಡಿಯಾಕ ಆಗವಲ್ದು.

ಓದಿ ಸಿಟ್ಟು ಬಂತು. ಒಂದು ದಿನ ಪೂರ್ತಿ ಇತ್ತು. ಒದರಬೇಕು ಅನಿಸ್ತು, ಒದರಾಕ ಬರಂಗಿಲ್ಲ. ಗ್ವಾಡಿಗೆ ಗ್ಲಾಸ್ ಒಗದೆ. ಸ್ಟೀಲಿಂದು, ಒಡೀಲಿಲ್ಲ. ನಿಮ್ಮ ಅಮ್ಮಿ ಎತ್ತಿ ತೊಳದು ಇಟ್ಲು, ಏನಾತು ಅಂತ ಕೇಳಲಿಲ್ಲ. ಕೇಳಿದ್ರ ನಾ ಹೇಳಾಕ ಆಗಂಗಿಲ್ಲಂತ ಆಕಿಗೆ ರೂಢಿ ಆಗಿಬಿಟ್ಟದ.

ಮರುದಿನ ನನ್ನ ಪತ್ರ ನೆನಪಾದವು. ಸಾವಕಾಶ ಅಂದಾಂವ ನಾನ, ಜಲ್ದಿ ಅಂದಾಂವ ನಾನ. ಯಾಕ ಜಲ್ದಿ ಅಂತ ನಿನಗ ಗುಲ್ಫಶಾ ಹೇಳ್ಯಾಳ, ನಾ ಹೇಳಿದ್ದಿಲ್ಲ. ಹೇಳದ ಓಡಿಸಿದೆ. ಇದರಾಗ ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು ಅಂತ ಹಂಚಾಕ ನನಗ ಶಕ್ತಿ ಇಲ್ಲ. ಬಿಡು.

ಉಳದ ಆ ಚೂರನ್ನ ಕೇಳಸ್ತೀನಿ ಅಂತ ಬರದೀದಿ. ನನಗ ಬ್ಯಾಡ. ಕೆಮ್ಮು ಇಲ್ಲೇ ಬೇಕಾದಷ್ಟು ಅದ.

ನಿಮ್ಮ ಅಮ್ಮಿಗೆ ಒಂದು ಮಾತು ಹೇಳೂದಿತ್ತು. ಅದಕ್ಕ ನಾ ಇಷ್ಟು ಹಟ ಮಾಡಿದ್ದು. ಅದನ್ನ ಇಲ್ಲಿ ಬರದ್ರ ನೀ ಓದ್ತಿ, ನಿನ್ನ ಬಾಯಿಲೆ ಅದು ಆಕಿಗೆ ಹೋಗ್ತದ. ಅದು ಮಕ್ಕಳ ಬಾಯಿಲೆ ಹೋಗೂ ಮಾತಲ್ಲ. ಹೋದ ಶುಕ್ರವಾರ ನಮಾಜ್ ಆದ ಮ್ಯಾಲ ಆಕಿನ್ನ ಬಾಜೂಕ ಕೂಡಿಸಿಕೊಂಡೆ. ಕೈ ಹಿಡದು, ಸಾವಕಾಶ ತುಟಿ ಅಲ್ಲಾಡಿಸಿ ಹೇಳಿದೆ. ಒಮ್ಮೆ ಹೇಳಿದೆ, ಮತ್ತೊಮ್ಮೆ ಹೇಳಿದೆ. ಆಕಿ ನನ್ನ ತುಟಿ ನೋಡ್ಕೊಂತ ಕುಂತಿದ್ಲು. ಆಮ್ಯಾಲ "ಹಾಂ, ತಿಳೀತು" ಅಂತ ಎದ್ದು ಹೋಗಿ ನೀರು ತಂದ್ಲು. ಖುಷಿಯಾಗಿದ್ಲು, ತಿಳೀತಂತ. ನಾ ಕುಡದೆ.

ಧ್ವನಿ ಹೋತು ಅಂತ ಆಕಿಗೆ ಈಗ ಹೇಳಬ್ಯಾಡ್ರಿ. ರಂಜಾನಬಿ ಮುಂದ, ಹಾಲಿನವನ ಮುಂದ, ನಮ್ಮ ಹುಡುಗ ಮಾಡಾಕತ್ತಾನ ಅಂತ ಹೇಳ್ಕೊಂತ ಇರ್ತಾಳ. ನಾ ಇರೂತನಕ ಹಂಗ ಇರ್ಲಿ.

ಬಕ್ರೀದ್‌ಗೆ ಬಾ. ಬರೂ ಮುಂದ ಅಳೂ ಮಾರಿ ಹೊತ್ತು ಬರಬ್ಯಾಡ.

ನಿನ್ನ ಅಬ್ಬಾ,
ಗುಲಾಮ್ ದಸ್ತಗೀರ್


ಮಾನ್ವಿ
29 ಜೂನ್ 2025

ಗುಲ್ಫಶಾ ಆಪಾ,

ನೀ ದೇವದುರ್ಗಕ್ಕ ಹೋದ ಮ್ಯಾಲ ಮನಿ ಭಾಳ ದೊಡ್ಡದಾಗ್ಯದ. ಅಂಗಡಿ ಇನ್ನೂ ತಗದಿಲ್ಲ. ಅಮ್ಮಿ ಇದ್ದತ್ತಿನಾಗ ಕುಂತಾಳ, ನಾಕು ತಿಂಗಳು ಹತ್ತು ದಿನ ತೀರೂತನ ಹೊರಗ ಬರಂಗಿಲ್ಲ. ದಿನಾ ಬಂದು ಹೋಗೂ ಹೆಂಗಸರೂ ಕಡಿಮಿ ಆಗ್ಯಾರ.

ಅಬ್ಬಾನ್ನ ಮಣ್ಣು ಮಾಡಿ ಬಂದ ದಿನ ನೀ ನನಗ ಹೇಳಿದ್ದಿ, ಧ್ವನಿ ಹೋದದ್ದನ್ನ ಅಮ್ಮಿಗೆ ನೀನ ಹೇಳಬೇಕು ಅಂತ. ನಾ ದಿನ ದೂಡಿಕೊಂತ ಬಂದೆ. ಮೊನ್ನೆ ಆಕಿ ತಾನ ಕೇಳಿದ್ಲು. ನಮಾಜ್ ಮುಗಿಸಿ ಜಾನಮಾಜ್ ಮಡಚಿ ಇಟ್ಟು ನನ್ನ ಮುಂದ ಬಂದು ಕುಂತು, "ಈಗರೆ ಹಚ್ಚು. ಅವರಿಲ್ಲ, ಮಾತರೆ ಕೇಳ್ತೀನಿ" ಅಂದ್ಲು.

ಹೇಳಿದೆ. ಮೆಮೊರಿ, ಬಿಸಲು, ಗಂಟು, ಎಲ್ಲಾ ಹೇಳಿದೆ. ಆಕಿಗೆ ಏನು ತಿಳೀತೋ. "ಸುಟ್ಟಿತೇನು?" ಅಂದ್ಲು. ಇಲ್ಲ ಅಮ್ಮಿ, ಕೆಟ್ಟಿತು ಅಂದೆ. "ಹುಡುಕಿದ್ರ ಸಿಗಂಗಿಲ್ಲೇನು?" ಇಲ್ಲ ಅಂದೆ. ಉಳದ ಚೂರು ಹಚ್ಚಿದೆ. ನನ್ನ ಮಾತು ಕೇಳಿದ್ಲು, ಕುರ್ಚಿ ಸಪ್ಪಳ ಕೇಳಿದ್ಲು, ಕೆಮ್ಮು ಕೇಳಿದ್ಲು. ಮುಂದ ಬರ್ತದಂತ ಕುಂತ ಇದ್ಲು. ಮುಗೀತು ಅಮ್ಮಿ ಅಂದೆ. ಆಮ್ಯಾಲ, "ಆಯುಷ್ಯ ಪೂರ್ತಿ ಮೈಕ್ ಮ್ಯಾಲ ಊರಿಗೆಲ್ಲಾ ದಾರಿ ಹೇಳಿದ್ರು" ಅಂದ್ಲು. ಅಷ್ಟ.

ಬೈತಾಳ ಅಂದುಕೊಂಡಿದ್ದೆ. ಬೈಲಿಲ್ಲ. ನಿನ್ನಿ ಮುಂಜಾನಿ ನನ್ನ ಕರದು, "ಅವರು ನಿನಗ ಬರೀತಿದ್ರಲ್ಲ, ಅವನ್ನರೆ ಓದು. ನನ್ನ ಬಗ್ಗೆ ಏನರೆ ಬರದಾರೇನು?" ಅಂದ್ಲು.

ಚೀಲದಾಗ ಇದ್ದವು, ತಂದು ಓದಿದೆ. ಕನ್ನಡ ನೋಡ್ಕೊಂತ ದಖನಿಯಾಗ ಹೇಳ್ಕೊಂತ ಹೋದೆ. ಬಸಿ ಕೆಳಗ ಬಿಟ್ಟಿದ್ದು ಬಂದಾಗ ನಕ್ಕಳು. ಆ ಹೆಂಗಸಿನ ಧ್ವನಿ ಮಾತು ಬಂದಾಗ, "ಖರೇನ ಅಲ್ಲೇನು, ಆಕಿ ಯಾರು?" ಅಂದ್ಲು. ಭುಜ ಅಲ್ಲಾಡಿದ್ದು ಅಳು ಅಲ್ಲ, ನಗು ಅಂತ ಆಕಿಗೆ ನಿನ್ನಿ ಗೊತ್ತಾತು. ಭಾಳ ದಿನದ ಮ್ಯಾಲ ಮಾರಿ ಸ್ವಲ್ಪ ಗೆಲುವಾಗಿತ್ತು ಆಪಾ. ಅದಕ ನಾ ನಿಲ್ಲಸಲಿಲ್ಲ.

ಕಡೀ ಪತ್ರಾನೂ ಓದಿದೆ. ಹೇಳೂದಿತ್ತು ಅನ್ನೂದು, ಕೈ ಹಿಡದದ್ದು, ತುಟಿ ಅಲ್ಲಾಡಿಸಿದ್ದು. ಆ ಸಾಲುಗಳನ್ನ ಬಿಟ್ಟು ಓದಬಹುದಿತ್ತು. ಆಕಿಗೇನು ತಿಳೀತಿತ್ತು? ಬಿಡಲಿಲ್ಲ. ಯಾಕಂತ ನನಗ ಇನ್ನೂ ತಿಳೀವಲ್ದು. ಅಬ್ಬಾ ಬರದದ್ದರಾಗ ಇನ್ನ ಒಂದು ಅಕ್ಷರಾನೂ ನನ್ನ ಕೈಯಾಗ ಕೆಡಬಾರ್ದು ಅನಿಸಿರಬೇಕು.

ಅಮ್ಮಿ ನನ್ನ ಕೈಯಾಗಿನ ಹಾಳಿ ನೋಡಿಕೊಂತ ಕುಂತ್ಲು. ಆಮ್ಯಾಲ ಕೇಳಿದ್ಲು.

"ಆವತ್ತು ಅವರು ನೀರು ಕೇಳಿದ್ದಿಲ್ಲೇನು?"

ನೀರಲ್ಲ ಅಮ್ಮಿ ಅಂದೆ.

"ಮತ್ತೇನು ಹೇಳಿದ್ರಂತ?"

ಬರದಿಲ್ಲ ಅಮ್ಮಿ ಅಂದೆ.

ಆವಾಗಿನಿಂದ ತುಟಿ ಅಲ್ಲಾಡಸಾಕತ್ತಾಳ. ಅಬ್ಬಾ ಹೆಂಗ ಅಲ್ಲಾಡಿಸಿದ್ರು ಅಂತ ನೆನಪು ಮಾಡಿಕೊಂಡು, ಹಂಗ ಒಮ್ಮೆ ಹಿಂಗ ಒಮ್ಮೆ ಮಾಡಿ ನೋಡ್ತಾಳ, ಯಾವ ಮಾತು ಕೂಡ್ತದ ಅಂತ. ಸಪ್ಪಳ ಇಲ್ಲ. ನಿನ್ನಿ ಉಣಲಿಲ್ಲ. ಇವತ್ತು ರಂಜಾನಬಿ ಬಂದು ಮಾತಾಡಿಸಿದ್ರೂ ಅದನ್ನ ಮಾಡಾಕತ್ತಿದ್ಲು. ನಡು ನಡುವ ನನ್ನ ಕಡಿ ತಿರುಗಿ ಮಾಡಿ ತೋರಸ್ತಾಳ, ನನಗರೆ ಗುರುತು ಹತ್ತೀತೇನೋ ಅಂತ. ನಾ ತಲಿ ಅಲ್ಲಾಡಿಸಿ ಇಲ್ಲ ಅಂತೀನಿ. ಆಕಿ ಮತ್ತ ಮೊದಲಿಂದ ಶುರು ಮಾಡ್ತಾಳ.

ಬರಾಕ ಆದ್ರ ಬಾ.

ನಿನ್ನ ತಮ್ಮ
ಅರ್ಬಾಜ್